ಜೀರ್ಜಿಂಬೆಯಿಂದ ಡಬಲ್ ಶೇಡ್ ರೇಷ್ಮೆವರೆಗೆ: ಹುಳುವಿನ ಹೊಳಪನ್ನು ಫ್ಯಾಷನ್ ಶೂಟ್‌ಗೆ ತರುವ ಸಮಗ್ರ ಮಾರ್ಗದರ್ಶಿ

ಪ್ರಕೃತಿ ನೋಡಿ ಫ್ಯಾಷನ್ ಶೂಟ್ ಮಾಡಿದ್ದೇನೆ, ಹೇಗಿದೆ ಹೇಳಿ ಅಂತ ಹೊಸ ಫೋಟೊಗ್ರಾಫರ್‌ಗಳು ಚಿತ್ರ ಕಳಿಸುತ್ತಲೇ ಇರುತ್ತಾರೆ. ತೆರೆದು ನೋಡಿದರೆ ಮುಕ್ಕಾಲು ಪಾಲು ಒಂದೇ ಥರ. ಮಾಡೆಲ್ ಬೆನ್ನಿಗೆ ತಂತಿ ರೆಕ್ಕೆ, ತಲೆ ಮೇಲೆ ಎರಡು ಮೀಸೆ, ಕಣ್ಣಿನ ಸುತ್ತ ಚಿಟ್ಟೆ ಚಿತ್ರ. ಶಾಲಾ ವಾರ್ಷಿಕೋತ್ಸವದ ಛದ್ಮವೇಷ ಸ್ಪರ್ಧೆ ನೆನಪಾಗುತ್ತದೆ. ಫೋಕಸ್ ಸರಿ ಇದೆ, ಬೆಳಕೂ ಪರವಾಗಿಲ್ಲ, ಆದರೂ ಚಿತ್ರ ನಿಲ್ಲುವುದಿಲ್ಲ.

ತಪ್ಪು ಆಗುವುದು ಕೆಲಸದ ಕ್ರಮದಲ್ಲಿ. ಮೊದಲು ಬಟ್ಟೆ ಕೊಳ್ಳುತ್ತಾರೆ, ಆಮೇಲೆ ಮಾಡೆಲ್ ಗೊತ್ತು ಮಾಡುತ್ತಾರೆ, ಲೈಟು ಹಿಂದಿನ ರಾತ್ರಿ ನೆನಪಾಗುತ್ತದೆ. ಹುಳುವನ್ನಂತೂ ಯಾರೂ ನೋಡಿಯೇ ಇರುವುದಿಲ್ಲ, ಫೋನಲ್ಲಿ ಹುಡುಕಿದ ಚಿತ್ರ ಅಷ್ಟೇ. ಇಲ್ಲಿರುವ ಕ್ರಮ ಅದರ ಉಲ್ಟಾ. ಹುಳು ಮೊದಲು, ಅದರ ಮೇಲೆ ಬೆಳಕು ಹೇಗೆ ಬೀಳುತ್ತದೆ ಅನ್ನುವುದು ಎರಡನೆಯದು, ಬಟ್ಟೆ ಮೂರನೆಯದು, ಮಾಡೆಲ್ ಕೊನೆಗೆ. ಉದಾಹರಣೆಗೆ ಒಂದೇ ಹುಳು ತಗೊಳ್ಳುತ್ತೇನೆ: ಜೀರ್ಜಿಂಬೆ, ಅಂದರೆ ಲೋಹದ ಹಾಗೆ ಹೊಳೆಯುವ ಗಟ್ಟಿ ಬೆನ್ನಿನ ಜೀರುಂಡೆ. ಬಯಲುಸೀಮೆಯಲ್ಲಿ ಬೆಳೆದವರಿಗೆ ಗೊತ್ತು, ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪು ಹಾಕಿ ಸಾಕುತ್ತಿದ್ದೆವಲ್ಲ, ಅದೇ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಹುಳುವಿನ ಚಿತ್ರಕ್ಕೆ 90ರಿಂದ 105 ಮಿಲಿಮೀಟರ್‌ನ ಮ್ಯಾಕ್ರೊ ಲೆನ್ಸ್ ಒಂದು. ಇಲ್ಲದಿದ್ದರೆ ಇರುವ 50ರ ಲೆನ್ಸಿಗೆ ಎಕ್ಸ್‌ಟೆನ್ಶನ್ ಟ್ಯೂಬ್ ಸಾಕು. 12, 20, 36 ಮಿಲಿಮೀಟರ್‌ನ ಮೂರು ಟ್ಯೂಬ್ ಸೆಟ್ ಆಗಿ ಸಿಗುತ್ತವೆ. ಟ್ಯೂಬ್ ಒಳಗೆ ಗಾಜು ಇರುವುದಿಲ್ಲ, ಹಾಗಾಗಿ ಅಗ್ಗದ್ದೂ ನಡೆಯುತ್ತದೆ. ಆದರೆ ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ವಿದ್ಯುತ್ ಸಂಪರ್ಕ ಕೊಡುವ ಟ್ಯೂಬನ್ನೇ ತಗೊಳ್ಳಿ, ಇಲ್ಲದಿದ್ದರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಂಡಿ, ಎಫ್ ಸಂಖ್ಯೆ) ಬದಲಿಸಲು ಪರದಾಡಬೇಕಾಗುತ್ತದೆ.

ಒಂದು ಸಣ್ಣ ಫ್ಲ್ಯಾಶ್, ಅದನ್ನು ಕ್ಯಾಮೆರಾದಿಂದ ದೂರ ಇಟ್ಟು ಹೊಡೆಯಲು ಟ್ರಿಗರ್. ಬಟರ್ ಪೇಪರ್. ಬಣ್ಣ ಸರಿಹೊಂದಿಸಲು ಬೂದು ಬಣ್ಣದ ಒಂದು ಗ್ರೇ ಕಾರ್ಡ್. ಸ್ಟುಡಿಯೋ ಕೆಲಸಕ್ಕೆ ಅಂಚಿಲ್ಲದ ಎಂಟು ಮೊಳದ ಬಿಳಿ ಪಂಚೆ ಎರಡು, ಅಗಲವಾದ ಕಪ್ಪು ಬಟ್ಟೆ ಒಂದು, ಬಟ್ಟೆ ಕ್ಲಿಪ್ಪು, ಸೇಫ್ಟಿ ಪಿನ್ನು. ಪಂಚೆ ಯಾಕೆ ಅನ್ನುವುದು ಐದನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 1: ಒಂದೇ ಹುಳು ಆರಿಸಿ, ಒಂದು ವಾರ ಸುಮ್ನೆ ನೋಡಿ

ಜೀರ್ಜಿಂಬೆ ಕಾಣುವುದು ಮಳೆಗಾಲದಲ್ಲಿ, ಜಾಲಿ ಗಿಡಗಳ ಮೇಲೆ. ಉದ್ದ ಮೂರರಿಂದ ನಾಲ್ಕು ಸೆಂಟಿಮೀಟರ್. ಮೈಯೆಲ್ಲಾ ಹಸಿರು ಇರುವುದು ಒಂದು ಬಗೆ, ಕತ್ತು ಮಾತ್ರ ಹಸಿರಾಗಿ ಬೆನ್ನು ಕಂದು ಇರುವುದು ಇನ್ನೊಂದು. ಇಲ್ಲಿ ನಮಗೆ ಬೇಕಾದ್ದು ಮೈಯೆಲ್ಲಾ ಹಸಿರಿರುವುದು.

ಜೀರ್ಜಿಂಬೆ ಸಿಗಲಿಲ್ಲವಾ? ಸೂರ್ಯನ ಕುದುರೆ, ಏರೋಪ್ಲೇನ್ ಚಿಟ್ಟೆ, ಮೊದಲ ಮಳೆಗೆ ನೆಲದಿಂದ ಏಳುವ ಕೆಂಪು ಮಖಮಲ್ ಹುಳು, ಯಾವುದಾದರೂ ಸರಿ. ಮನೆ ಕಾಂಪೌಂಡಿನ ಬೇಲಿ ಸಾಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಅನುಮತಿ ಇಲ್ಲದೆ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿ ನಿಮ್ಮ ಕ್ಯಾಮೆರಾಕ್ಕೂ ಅನ್ವಯಿಸುತ್ತದೆ. ಕಾಯ್ದೆಯ ಪಟ್ಟಿಯಲ್ಲಿರುವ ಚಿಟ್ಟೆಗಳನ್ನಂತೂ ಎಲ್ಲೂ ಹಿಡಿಯುವ ಹಾಗಿಲ್ಲ.

ಈ ವಾರ ಕ್ಯಾಮೆರಾ ಮುಟ್ಟಬೇಡಿ. ಬೆಳಗ್ಗೆ ಒಂದು ಸಲ, ನಡು ಮಧ್ಯಾಹ್ನ ಒಂದು ಸಲ, ಮೋಡ ಕವಿದಾಗ ಒಂದು ಸಲ ನೋಡಿ. ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಮೊದಲ ದಿನವೇ ಇನ್ನೂರು ಫೋಟೊ ಹೊಡೆದು, ಹುಳು ಮುಗೀತು ಅಂದುಕೊಳ್ಳುತ್ತಾರೆ. ನಡು ಮಧ್ಯಾಹ್ನದ ಬಿಸಿಲಲ್ಲಿ ಜೀರ್ಜಿಂಬೆ ಮೇಲೆ ಚೂಪಾದ ಒಂದು ಬಿಳಿ ಚುಕ್ಕೆ ಬಿಟ್ಟರೆ ಹೆಚ್ಚೇನೂ ಕಾಣದು. ಮೋಡದಲ್ಲಿ ಅದೇ ಹುಳು ಮೈತುಂಬ ಹಸಿರು. ಈ ಒಂದು ವ್ಯತ್ಯಾಸ ಕಣ್ಣಾರೆ ನೋಡಿದರೆ ಮುಂದಿನ ಅರ್ಧ ಕೆಲಸ ಹಗುರ.

## ಹಂತ 2: ಹುಳುವಿನ ಚಿತ್ರ ತೆಗೆಯಿರಿ, ಐದು ಕೋನದಿಂದ

ಬೆಳಗ್ಗೆ ಆರೂವರೆಯೊಳಗೆ ಹೋಗಿ. ರಾತ್ರಿಯ ತಂಪಿಗೆ ಹುಳು ನಿಧಾನ ಇರುತ್ತದೆ, ಗಾಳಿಯೂ ಕಡಿಮೆ. ಎಫ್/11, ಐಎಸ್ಒ 200, ಶಟರ್ 1/160. ಫ್ಲ್ಯಾಶ್ ಶಕ್ತಿ 1/8ರಿಂದ ಶುರು ಮಾಡಿ, ಬೇಕಾದರೆ ಏರಿಸಿ. ಪೂರ್ತಿ 1:1ಕ್ಕೆ, ಅಂದರೆ ಹುಳುವಿನ ನಿಜ ಅಳತೆಯೇ ಸೆನ್ಸರ್ ಮೇಲೆ ಬೀಳುವಷ್ಟು ಹತ್ತಿರಕ್ಕೆ, ಹೋಗುವ ಅಗತ್ಯವಿಲ್ಲ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 1:1 ಅಂದರೆ ಚೌಕಟ್ಟಿನ ಅಗಲ 36 ಮಿಲಿಮೀಟರ್, ಹುಳು ಅದರಲ್ಲಿ ಒತ್ತಿಕೊಂಡು ಕೂರುತ್ತದೆ. ಅಲ್ಲಿ ಎಫ್/11ರಲ್ಲೂ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರ್ ಚಿಲ್ಲರೆ. ಸ್ವಲ್ಪ ಹಿಂದೆ ಸರಿದು 1:2ಕ್ಕೆ ಬಂದರೆ ಅದೇ ಆಳ ಸುಮಾರು ನಾಲ್ಕು ಮಿಲಿಮೀಟರ್ ಆಗುತ್ತದೆ, ಬೆನ್ನಿನ ಬಹುಭಾಗ ಫೋಕಸ್‌ಗೆ ಬರುತ್ತದೆ.

ಈಗ ಮುಖ್ಯ ವಿಷಯ. ಜೀರ್ಜಿಂಬೆಯ ಬೆನ್ನು ಒಂದು ಕನ್ನಡಿ ಇದ್ದ ಹಾಗೆ. ಅದರಲ್ಲಿ ಕಾಣುವುದು ನಿಮ್ಮ ಲೈಟಿನ ಆಕಾರ. ಲೈಟು ಚಿಕ್ಕದಾದರೆ ಬಿಳಿ ಚುಕ್ಕೆ, ದೊಡ್ಡದಾದರೆ ಬಣ್ಣ. ಸುಮಾರು 20 ಸೆಂಟಿಮೀಟರ್ ಅಗಲದ ಚೌಕಟ್ಟಿಗೆ ಬಟರ್ ಪೇಪರ್ ಅಂಟಿಸಿ, ಫ್ಲ್ಯಾಶ್ ಅದರ ಹಿಂದಿಟ್ಟು, ಹುಳುವಿಗೆ 10 ಸೆಂಟಿಮೀಟರ್ ಹತ್ತಿರ ತನ್ನಿ. 20ಕ್ಕೆ 10. ಈ ಲೆಕ್ಕ ಬರೆದಿಟ್ಟುಕೊಳ್ಳಿ, ಸ್ಟುಡಿಯೋದಲ್ಲಿ ಬೇಕಾಗುತ್ತದೆ.

ಲೈಟನ್ನು ಒಬ್ಬರು ಅಲ್ಲಾಡದೆ ಹಿಡಿದುಕೊಳ್ಳಲಿ. ನೀವು ಹುಳುವಿನ ಸುತ್ತ ಕಮಾನಿನ ಹಾಗೆ ಸರಿಯುತ್ತಾ ಐದು ಕಡೆಯಿಂದ ತೆಗೆಯಿರಿ: ನೇರ ಮೇಲಿಂದ, ಎಡ ಓರೆ, ಬಲ ಓರೆ, ತಲೆ ಕಡೆಯಿಂದ, ಹಿಂಬದಿಯಿಂದ. ಫ್ಲ್ಯಾಶ್ ಕ್ಯಾಮೆರಾ ತಲೆ ಮೇಲೇ ಕೂತಿದ್ದರೆ ನೀವು ಸರಿದ ಹಾಗೆ ಲೈಟೂ ಸರಿಯುತ್ತದೆ. ಆಗ ಐದೂ ಚಿತ್ರ ಒಂದೇ ಬಣ್ಣಕ್ಕೆ ಬಂದು, ಪಾಠ ಸಿಗದೆ ಹೋಗುತ್ತದೆ.

ಪೋಲರೈಸರ್ ಹಾಕುವ ಅಭ್ಯಾಸ ಇರುವವರು ಇವತ್ತು ಅದನ್ನು ಬ್ಯಾಗಿನಲ್ಲೇ ಬಿಡಿ. ಅದು ಹೊಳಪು ಕಡಿಮೆ ಮಾಡುವ ಸಾಧನ. ನಾವು ಬಂದಿರುವುದೇ ಹೊಳಪಿಗೆ.

ನಿಲ್ಲಿಸಿ ಅನ್ನುವ ಸೂಚನೆಗಳು. ಹುಳು ಕಾಲು ಮಡಚಿ ಸತ್ತ ಹಾಗೆ ಬಿದ್ದರೆ ಅದು ನಾಟಕ, ಹೆದರಿಕೆಗೆ ಹಾಗೆ ಮಾಡುತ್ತದೆ. ಅದೇ ಸರಿ ಅಂತ ಮುಂದುವರಿಸಬೇಡಿ, ಹತ್ತು ನಿಮಿಷ ದೂರ ಹೋಗಿ. ಗೆಣಸಿನ ಬಳ್ಳಿಯ ಜಾತಿಯ ಗಿಡಗಳ ಮೇಲೆ ಕೂರುವ, ಆಮೆ ಚಿಪ್ಪಿನ ಆಕಾರದ ಚಿನ್ನದ ಜೀರುಂಡೆ ಸಿಕ್ಕಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅದರ ಚಿನ್ನದ ಬಣ್ಣ ನಿಂತಿರುವುದು ಚಿಪ್ಪಿನ ಪದರಗಳ ನಡುವಿನ ದ್ರವದ ಮೇಲೆ. ಕಾಟ ಕೊಟ್ಟರೆ ಬಣ್ಣ ಮಂಕಾಗುತ್ತದೆ, ಸತ್ತರೆ ಕಂದಾಗಿ ಉಳಿಯುತ್ತದೆ. ಹುಳುವನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡುವುದು, ಅಂಟು ಹಾಕಿ ಕೂರಿಸುವುದು, ಮೈಮೇಲೆ ಗ್ಲಿಸರಿನ್ ಚಿಮುಕಿಸುವುದು, ಇದನ್ನೆಲ್ಲ ಟ್ರಿಕ್ ಅಂತ ಹೇಳಿಕೊಡುವವರಿದ್ದಾರೆ. ಬೇಡ.

## ಹಂತ 3: ಬಣ್ಣ ಎಲ್ಲಿಂದ ಬಂತು ಅಂತ ಪತ್ತೆ ಮಾಡಿ

ಐದೂ ಚಿತ್ರ ಸಾಲಾಗಿ ಇಟ್ಟು ನೋಡಿ. ಕೋನ ಬದಲಾದಾಗ ಬಣ್ಣವೂ ಬದಲಾಯಿತಾ?

ಬದಲಾದರೆ ಅದು ಬಳಿದ ಬಣ್ಣವಲ್ಲ. ಜೀರ್ಜಿಂಬೆಯ ಗಟ್ಟಿ ಹೊದಿಕೆಯಲ್ಲಿ ತೀರಾ ತೆಳುವಾದ ಪದರಗಳು ಒಂದರ ಮೇಲೊಂದು ಕೂತಿವೆ. ಒಂದೊಂದು ಪದರದಿಂದಲೂ ಬೆಳಕು ವಾಪಸ್ ಬಂದು ಕೂಡಿಕೊಂಡಾಗ ಹಸಿರು ಮಾತ್ರ ಗಟ್ಟಿಯಾಗಿ ಕಾಣುತ್ತದೆ. ಓರೆಯಾಗಿ ನೋಡಿದರೆ ಲೆಕ್ಕ ಬದಲಾಗಿ ಬಣ್ಣ ನೀಲಿ ಕಡೆಗೆ ಜಾರುತ್ತದೆ. ಕೆಂಪು ಮಖಮಲ್ ಹುಳುವನ್ನು ಎಲ್ಲಿಂದ ನೋಡಿದರೂ ಕೆಂಪೇ, ಅದು ಮೈಯೊಳಗಿನ ಬಣ್ಣ. ಅಲ್ಲಿ ನೋಡಬೇಕಾದ್ದು ಸಣ್ಣ ಕೂದಲು, ಮತ್ತು ಆ ಕೂದಲಿನಿಂದ ಬರುವ ಮೆತ್ತನೆಯ ಅಂಚು. ಏರೋಪ್ಲೇನ್ ಚಿಟ್ಟೆಯ ರೆಕ್ಕೆಯಲ್ಲಾದರೆ ಹಿಂದಿನಿಂದ ಬಂದ ಬೆಳಕು ನರಗಳ ಬಲೆಯನ್ನು ತೋರಿಸುತ್ತದೆ.

ಈಗ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ವಾಕ್ಯ ಬರೆಯಿರಿ. ಜೀರ್ಜಿಂಬೆಗೆ ನಾನು ಬರೆದದ್ದು ಇದು: "ಗಟ್ಟಿ ಬೆನ್ನು, ನೇರಕ್ಕೆ ಹಸಿರು, ಓರೆಗೆ ನೀಲಿ, ಅಂಚಿಗೆ ಕಪ್ಪು." ಇದರಲ್ಲಿ ರೆಕ್ಕೆ ಇಲ್ಲ, ಮೀಸೆ ಇಲ್ಲ, ಆರು ಕಾಲಿಲ್ಲ. ಶೂಟ್‌ಗೆ ಹೋಗುವುದು ಈ ವಾಕ್ಯ ಮಾತ್ರ. ವಾಕ್ಯದಲ್ಲಿ "ಸುಂದರ", "ಅದ್ಭುತ" ಬಂದಿದ್ದರೆ ನೀವಿನ್ನೂ ಹುಳು ನೋಡಿಲ್ಲ, ಒಂದನೇ ಹಂತಕ್ಕೆ ವಾಪಸ್ ಹೋಗಿ.

## ಹಂತ 4: ಆ ವಾಕ್ಯಕ್ಕೆ ಬಟ್ಟೆ ಹುಡುಕಿ

ಕೋನಕ್ಕೆ ತಕ್ಕ ಹಾಗೆ ಬಣ್ಣ ಬದಲಿಸುವ ಬಟ್ಟೆ ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಅಂಗಡಿಯಲ್ಲಿ ಅದಕ್ಕೆ ಡಬಲ್ ಶೇಡ್ ಅನ್ನುತ್ತಾರೆ. ಹಾಸು, ಅಂದರೆ ಮಗ್ಗದ ಉದ್ದ ನೂಲು, ಒಂದು ಬಣ್ಣ; ಹೊಕ್ಕು, ಅಂದರೆ ಅಡ್ಡ ನೂಲು, ಇನ್ನೊಂದು. ಹುಳುವಿನ ಪದರದ ಆಟವೇ ಬೇರೆ, ಇಲ್ಲಿ ಎರಡು ನೂಲಿನ ಆಟ. ಆದರೆ ಕ್ಯಾಮೆರಾಕ್ಕೆ ಕಾಣುವ ಫಲ ಹತ್ತಿರ ಹತ್ತಿರ ಒಂದೇ. ಹಸಿರು ಹಾಸು, ನೀಲಿ ಹೊಕ್ಕು ಇರುವುದನ್ನು ಕೇಳಿ.

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಬೇಕು. ಮೊದಲ ಸಲ ನಾನು ಹುಳು ನೋಡುವ ಮೊದಲೇ ಸೀರೆ ಕೊಂಡಿದ್ದೆ. "ಸಾರ್, ಡಬಲ್ ಶೇಡು, ನವಿಲು ಕುಣಿದಂಗೆ ಇದೆ ನೋಡಿ" ಅಂದರು ಅಂಗಡಿಯವರು. ಅಂಗಡಿಯ ಲೈಟುಗಳ ಕೆಳಗೆ ನಿಜಕ್ಕೂ ಕುಣಿಯುತ್ತಿತ್ತು. ಅಲ್ಲಿ ತಲೆ ಮೇಲೆ ಮೂವತ್ತು ಬಲ್ಬು ಇದ್ದವು, ನನ್ನ ಹತ್ತಿರ ಒಂದು ಸಾಫ್ಟ್‌ಬಾಕ್ಸ್ (ಫ್ಲ್ಯಾಶ್ ಮುಂದೆ ಬಿಳಿ ಬಟ್ಟೆ ಕಟ್ಟಿದ ಪೆಟ್ಟಿಗೆ). ಶೂಟ್ ದಿನ ಅದು ಕಲ್ಯಾಣಿಯ ಕೆಳಗಿನ ಮೆಟ್ಟಿಲಿನ ಪಾಚಿ ಬಣ್ಣಕ್ಕೆ ಬಂತು. ಆ ಸೀರೆ ಈಗ ಅಕ್ಕನ ಬೀರುವಿನಲ್ಲಿದೆ, ಅವಳಿಗೆ ತುಂಬಾ ಇಷ್ಟ.

ಹಾಗಾಗಿ ಸೀರೆ ಅಂಗಡಿಯಲ್ಲಿ ಅಮ್ಮಂದಿರು ಮಾಡುವುದನ್ನೇ ಮಾಡಿ. ಬಟ್ಟೆ ಎತ್ತಿಕೊಂಡು ಬಾಗಿಲಿಗೆ ಬನ್ನಿ. ಹಗಲ ಬೆಳಕು ಒಂದು ಕಡೆಯಿಂದ ಮಾತ್ರ ಬೀಳುವ ಹಾಗೆ ನಿಂತು ಮೂರು ಪರೀಕ್ಷೆ ಮಾಡಿ.

ಮೊದಲನೆಯದು ಮಡಿಕೆ. ಬಟ್ಟೆಯನ್ನು ಚಪ್ಪಟೆ ಹಿಡಿದರೆ ಎರಡನೇ ಬಣ್ಣ ಅಡಗಿರುತ್ತದೆ, ನೆರಿಗೆ ಹಿಡಿದ ತಕ್ಷಣ ಮಡಿಕೆಯ ಏಣಿನಲ್ಲಿ ಹೊರಗೆ ಬರಬೇಕು. ಎರಡನೆಯದು ತಿರುಗು. ಅದೇ ಬಟ್ಟೆಯನ್ನು ಕಾಲು ಸುತ್ತು ತಿರುಗಿಸಿ, ಉದ್ದ ಇದ್ದದ್ದು ಅಡ್ಡ ಆಗಲಿ. ಒಂದು ದಿಕ್ಕಿನಲ್ಲಿ ನೀಲಿ ಹೆಚ್ಚು, ಇನ್ನೊಂದರಲ್ಲಿ ಹಸಿರು ಹೆಚ್ಚು ಕಾಣುತ್ತದೆ. ಯಾವ ದಿಕ್ಕು ಚೆನ್ನ ಅಂತ ನೋಡಿ ಮೂಲೆಗೆ ಸೇಫ್ಟಿ ಪಿನ್ ಹಾಕಿ ಗುರುತು ಮಾಡಿ. ಮನೆಗೆ ಬಂದಮೇಲೆ ಇದು ನೆನಪಿರಲ್ಲ. ಮೂರನೆಯದು ವಿಡಿಯೋ. ಫೋನಲ್ಲಿ ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಹಾಗೆ ಬಣ್ಣ ಸರಿಹೊಂದಿಸುವ ಸೆಟ್ಟಿಂಗ್) ಲಾಕ್ ಮಾಡಿ, ಬಟ್ಟೆ ಅಲ್ಲಾಡಿಸುತ್ತಾ ಹತ್ತು ಸೆಕೆಂಡು ತೆಗೆಯಿರಿ. ಕಣ್ಣಿಗೆ ಕಂಡ ಬದಲಾವಣೆ ವಿಡಿಯೋದಲ್ಲಿ ಕಾಣದಿದ್ದರೆ ಆ ಬಟ್ಟೆ ನಮಗಲ್ಲ.

ಮೆತ್ತಗೆ ಜಾರುವ ಕ್ರೇಪ್ ಬೇಡ. ಹುಳುವಿನ ಬೆನ್ನು ಗಟ್ಟಿ, ಬಟ್ಟೆಯೂ ಸ್ವಲ್ಪ ಬಿರುಸಾಗಿ ಮಡಿಕೆ ಹಿಡಿಯಬೇಕು. ಮೈಸೂರು ಸಿಲ್ಕ್ ಉಡಲು ಎಷ್ಟೇ ಚೆನ್ನಾಗಿರಲಿ, ಈ ಕೆಲಸಕ್ಕೆ ಅದು ಜೋತುಬೀಳುವುದು ಜಾಸ್ತಿ ಆಯಿತು. ದೊಡ್ಡ ಜರಿ ಅಂಚೂ ಬೇಡ, ಚಿನ್ನದ ಹೊಳಪು ಬಂದರೆ ಹಸಿರಿನ ಹೊಳಪು ಸಾಯುತ್ತದೆ. ದುಡ್ಡು ಕಡಿಮೆ ಇದ್ದರೆ ಡಬಲ್ ಶೇಡ್ ಟಫೆಟಾ (ಬಿರುಸಾದ, ಹೊಳೆಯುವ ಬಟ್ಟೆ) ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಮೊದಲು ಒಂದೇ ಮೀಟರ್ ತನ್ನಿ. ಮುಂದಿನ ಹಂತ ಅದರಲ್ಲೇ ಪರೀಕ್ಷಿಸಿ, ಒಪ್ಪಿದರೆ ಉಳಿದದ್ದು.

## ಹಂತ 5: ಹುಳುವಿನ ಬೆಳಕನ್ನು ಮನುಷ್ಯರ ಅಳತೆಗೆ ತನ್ನಿ

ಸೋಲುವ ಶೂಟ್‌ಗಳಲ್ಲಿ ಹೆಚ್ಚಿನವು ಸೋಲುವುದು ಇಲ್ಲಿ, ಅದಕ್ಕೇ ಸ್ವಲ್ಪ ನಿಧಾನ.

ಎರಡನೇ ಹಂತದ ಲೆಕ್ಕ ನೆನಪಿದೆಯಲ್ಲ? ಲೈಟಿನ ಅಗಲ 20, ದೂರ 10. ಅಂದರೆ ಲೈಟು ತನ್ನ ಅಗಲದ ಅರ್ಧದಷ್ಟು ದೂರದಲ್ಲಿತ್ತು. ಬೆನ್ನು ಪೂರ್ತಿ ಬಣ್ಣ ತುಂಬಿಕೊಂಡಿದ್ದು ಅದರಿಂದಲೇ. ಸ್ಟುಡಿಯೋದಲ್ಲೂ ಅದೇ ಪ್ರಮಾಣ ಬೇಕು. ನಿಮ್ಮ ಸಾಫ್ಟ್‌ಬಾಕ್ಸ್ 120 ಸೆಂಟಿಮೀಟರ್ ಇದ್ದರೆ ಅದು ಬಟ್ಟೆಗೆ 60 ಸೆಂಟಿಮೀಟರ್ ಹತ್ತಿರ ಬರಬೇಕು. ಹೆಚ್ಚಿನವರು ಅದನ್ನು ಎರಡು ಮೀಟರ್ ದೂರ ನಿಲ್ಲಿಸುತ್ತಾರೆ, ಆಮೇಲೆ ಬಟ್ಟೆಗೆ ಬೈಯುತ್ತಾರೆ.

60 ಸೆಂಟಿಮೀಟರ್‌ಗೆ ತಂದರೆ ಭುಜ, ಬೆನ್ನು, ಸೆರಗು ಇಷ್ಟು ಚೆನ್ನಾಗಿ ಬರುತ್ತದೆ. ತಲೆಯಿಂದ ಪಾದದವರೆಗೆ ಬೇಕಾದರೆ ಪಂಚೆ ತೆಗೆಯಿರಿ. ಎಂಟು ಮೊಳದ ಪಂಚೆ ಉದ್ದ ಸುಮಾರು 3.6 ಮೀಟರ್, ಅಗಲ 1.27 ಮೀಟರ್. ಎರಡನ್ನು ಉದ್ದಕ್ಕೆ ಜೋಡಿಸಿ ಹೊಲಿಸಿದರೆ ಎರಡೂವರೆ ಮೀಟರ್ ಎತ್ತರ, ಮೂರೂವರೆ ಮೀಟರ್ ಅಗಲದ ಬಿಳಿ ಗೋಡೆ. ಹಗ್ಗ ಕಟ್ಟಿ ಇಳಿಬಿಡಿ, ಮಾಡೆಲ್ ಅದರಿಂದ ಒಂದೂವರೆ ಮೀಟರ್ ದೂರ ನಿಲ್ಲಲಿ, ಸ್ಟುಡಿಯೋ ಫ್ಲ್ಯಾಶನ್ನು ಪಂಚೆಯ ಹಿಂದೆ ಎರಡು ಮೀಟರ್ ದೂರ ಇಡಿ. ಹತ್ತಿರ ಇಟ್ಟರೆ ಪಂಚೆ ಮಧ್ಯದಲ್ಲಿ ಬೆಳ್ಳನೆ ವೃತ್ತ ಬೀಳುತ್ತದೆ, ಅದೇ ವೃತ್ತ ರೇಷ್ಮೆಯಲ್ಲೂ ಕಾಣುತ್ತದೆ. ಬಣ್ಣದ ಅಂಚಿರುವ ಪಂಚೆ ತರಬೇಡಿ ಅಂದದ್ದೂ ಇದಕ್ಕೇ. ಹೊಸ ಪಂಚೆಯಾದರೆ ಒಂದು ಸಲ ಒಗೆದು ಗಂಜಿ ಬಿಡಿಸಿ, ಇಸ್ತ್ರಿ ಮಾಡಿ.

ಇನ್ನೊಂದು ಪಕ್ಕಕ್ಕೆ ರಿಫ್ಲೆಕ್ಟರ್ ಇಡುವ ಅಭ್ಯಾಸ ಎಲ್ಲರಿಗೂ. ಇಲ್ಲಿ ಅದರ ಬದಲು ಕಪ್ಪು ಬಟ್ಟೆ. ನಮ್ಮ ವಾಕ್ಯದಲ್ಲಿ "ಅಂಚಿಗೆ ಕಪ್ಪು" ಅಂತ ಇದೆಯಲ್ಲ. ಆ ಕಪ್ಪು ಇಲ್ಲದಿದ್ದರೆ ಹೊಳಪಿಗೆ ಆಕಾರ ಸಿಗದು, ಬಟ್ಟೆ ಚಪ್ಪಟೆ ಆಗುತ್ತದೆ.

ಮಾಡೆಲ್ ಕರೆಯುವ ಮೊದಲು ಒಂದು ಮೀಟರ್ ಬಟ್ಟೆಯನ್ನು ಕುರ್ಚಿ ಬೆನ್ನಿಗೆ ಹೊದಿಸಿ ಪರೀಕ್ಷೆ ಮಾಡಿ. ಕುರ್ಚಿ ತಿರುಗಿಸುತ್ತಾ ಹೋಗಿ. ಹಸಿರು ಒಂದು ಕಡೆ, ನೀಲಿ ಒಂದು ಕಡೆ, ಅಂಚಿಗೆ ಕಪ್ಪು, ಮೂರೂ ಒಂದೇ ಚೌಕಟ್ಟಿನಲ್ಲಿ ಬಂದರೆ ಮಾತ್ರ ಮುಂದೆ. ಬರದಿದ್ದರೆ ಮೊದಲು ಬಟ್ಟೆಯ ದಿಕ್ಕು ತಿರುಗಿಸಿ, ಆಮೇಲೆ ಲೈಟನ್ನು ಇನ್ನೂ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ಸರಿಸಿ. ಮುಂದಿನಿಂದ ಬಂದ ಬೆಳಕಿಗೆ ಡಬಲ್ ಶೇಡ್ ಬಾಯೇ ಬಿಡುವುದಿಲ್ಲ.

## ಹಂತ 6: ಮಾಡೆಲ್, ಉಡುಗೆ, ಮೇಕಪ್

ಜೀರ್ಜಿಂಬೆಯ ಬಣ್ಣ ಇರುವುದು ಬೆನ್ನಲ್ಲಿ. ಹಾಗಾಗಿ ಮುಖ್ಯ ಚಿತ್ರ ಬೆನ್ನಿನ ಕಡೆಯಿಂದ. ಸೆರಗನ್ನು ಎರಡೂ ಭುಜದ ಮೇಲೆ ಹಾಯಿಸಿ, ಬೆನ್ನ ಮಧ್ಯದಲ್ಲಿ ಒಂದೇ ನೇರ ಗೆರೆಯಲ್ಲಿ ಕೂಡುವ ಹಾಗೆ ಪಿನ್ ಮಾಡಿ. ಹುಳುವಿನ ಬೆನ್ನ ಮೇಲೆ ಮುಚ್ಚಿಕೊಂಡಿರುವ ಎರಡು ಗಟ್ಟಿ ಹೊದಿಕೆಗಳ ನಡುವಿನ ಗೆರೆ ಅದು. ನೋಡಿದವರಿಗೆ ಹುಳು ನೆನಪಾಗಬಹುದು, ಆಗದೆಯೂ ಇರಬಹುದು, ಎರಡೂ ಒಳ್ಳೆಯದೇ. ಕೂದಲು ಎತ್ತಿ ಕಟ್ಟಿಸಿ, ಕತ್ತು ಕಾಣಲಿ. ಮಲ್ಲಿಗೆ ಮುಡಿಸುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಬಿಳಿ ಬಂತೆಂದರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಮೇಕಪ್‌ನಲ್ಲಿ ಮಿನುಗು ಬೇಡ. ಹೊಳೆಯುವುದು ಬಟ್ಟೆ ಒಂದೇ ಇರಲಿ. ಹಸಿರು ರೇಷ್ಮೆ ಗಲ್ಲದ ಕೆಳಗೆ ಹಸಿರು ಬೆಳಕು ಎರಚುತ್ತದೆ, ಪರೀಕ್ಷಾ ಚಿತ್ರದಲ್ಲಿ ಇದನ್ನು ಹಿಗ್ಗಿಸಿ ನೋಡಿ. ಕಂಡರೆ ಗಲ್ಲ ಸ್ವಲ್ಪ ಎತ್ತಿಸಿ, ಅಥವಾ ಬಟ್ಟೆಯನ್ನು ಕತ್ತಿನಿಂದ ಎರಡು ಬೆರಳು ಕೆಳಗೆ ಇಳಿಸಿ.

ಜೀವಂತ ಹುಳುವನ್ನು ಮಾಡೆಲ್ ಮೈಮೇಲೆ ಬಿಡಬಹುದಾ ಅಂತ ಪ್ರತಿಸಲ ಯಾರಾದರೂ ಕೇಳುತ್ತಾರೆ. ನಾನೂ ಒಮ್ಮೆ ಬಿಟ್ಟಿದ್ದೆ. ಆಕೆ ಬೆಚ್ಚಿದರು, ಹುಳು ಹಾರಿ ಸ್ಟುಡಿಯೋ ಫ್ಲ್ಯಾಶಿನೊಳಗೆ ಸದಾ ಉರಿಯುವ ಬಿಸಿ ಮಾಡೆಲಿಂಗ್ ಲ್ಯಾಂಪಿಗೆ ಬಡಿಯಿತು. ಆಮೇಲೆ ಆ ದಿನ ಯಾರಿಗೂ ಕೆಲಸದ ಮೇಲೆ ಮನಸ್ಸಿರಲಿಲ್ಲ.

## ಹಂತ 7: ಶೂಟ್ ದಿನದ ಕ್ರಮ

ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್) ತೆಗೆಯಿರಿ. ವೈಟ್ ಬ್ಯಾಲೆನ್ಸ್ 5500 ಕೆಲ್ವಿನ್‌ಗೆ ಲಾಕ್. ಆಟೊ ಬಿಟ್ಟರೆ ಕ್ಯಾಮೆರಾ ಇಷ್ಟೊಂದು ಹಸಿರು ನೋಡಿ ಗಾಬರಿಯಾಗಿ ಎಲ್ಲದಕ್ಕೂ ನಸುಗೆಂಪು ಬೆರೆಸುತ್ತದೆ, ಮೈಬಣ್ಣ ಕೆಡುತ್ತದೆ. ಮೊದಲ ಚಿತ್ರದಲ್ಲಿ ಗ್ರೇ ಕಾರ್ಡ್ ಇರಲಿ. ಎಫ್/8, ಐಎಸ್ಒ 100, ಶಟರ್ 1/160.

ಲ್ಯಾಪ್‌ಟಾಪಿನಲ್ಲಿ ಒಂದು ಪಕ್ಕ ಜೀರ್ಜಿಂಬೆಯ ಚಿತ್ರ ತೆರೆದಿಟ್ಟು, ಇನ್ನೊಂದು ಪಕ್ಕ ಈಗ ಬರುತ್ತಿರುವ ಚಿತ್ರ ನೋಡಿ. ಮೊದಲು ಎರಡನ್ನೂ ಕಪ್ಪು ಬಿಳುಪು ಮಾಡಿ ಹೋಲಿಸಿ. ಬೆಳಕು ಬೀಳುವ ರೀತಿ ಹೊಂದಿದರೆ ಬಣ್ಣ ತಾನಾಗಿ ಹೊಂದುತ್ತದೆ.

ಹುಳುವಿನ ಸುತ್ತ ನೀವು ಸುತ್ತಿದಿರಿ. ಇಲ್ಲಿ ಅಷ್ಟು ಜಾಗ ಇರಲ್ಲ, ಮಾಡೆಲ್ ತಿರುಗಲಿ. ನೆಲದ ಮೇಲೆ ಟೇಪಿನಿಂದ 15 ಡಿಗ್ರಿಗೆ ಒಂದರಂತೆ ಗುರುತು ಹಾಕಿ, ಒಂದೊಂದು ಗುರುತಿಗೂ ಎರಡು ಚಿತ್ರ. ಅರ್ಧ ಸುತ್ತು ಮುಗಿಯುವ ಹೊತ್ತಿಗೆ ಬಟ್ಟೆ ಎಲ್ಲಿ ಬಾಯಿ ಬಿಡುತ್ತದೆ ಅಂತ ಗೊತ್ತಾಗಿರುತ್ತದೆ. ಭಾವ, ಭಂಗಿ, ಕೈ ಎಲ್ಲ ಆ ಗುರುತಿನ ಮೇಲೆ ನಿಂತೇ ಹುಡುಕಿ. ಬೇರೆ ಗುರುತಿಗೆ ಹೋದರೆ ಭಂಗಿ ಸಿಗುತ್ತದೆ, ಬಣ್ಣ ಹೋಗುತ್ತದೆ.

ಅರ್ಧ ಗಂಟೆಗೊಮ್ಮೆ ನೆರಿಗೆ ನೋಡಿ. ಬೆವರಿಗೆ ರೇಷ್ಮೆ ಸಡಿಲವಾಗುತ್ತದೆ. ಮಾಡೆಲ್ ಭುಜ ಬಿಗಿಯಾಗಿದ್ದು ಕಂಡರೆ ಲೈಟ್ ಆರಿಸಿ, ಕಾಫಿ ತರಿಸಿ.

## ಹಂತ 8: ಎಡಿಟಿಂಗ್ ಮತ್ತು ಪ್ರಿಂಟ್

ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಮುಟ್ಟಬೇಡಿ. ಹೊಳೆಯುವ ಹಸಿರು ಮೊದಲೇ ಎಸ್‌ಆರ್‌ಜಿಬಿಯ (ಸಾಮಾನ್ಯ ಪರದೆಗಳು ತೋರಿಸುವ ಬಣ್ಣಗಳ ವ್ಯಾಪ್ತಿ) ಅಂಚಿನಲ್ಲಿ ಇರುತ್ತದೆ. ಇನ್ನೂ ಏರಿಸಿದರೆ ಮಡಿಕೆಯ ವಿವರ ಕರಗಿ ಪ್ಲಾಸ್ಟಿಕ್ ಬಕೆಟ್ ಥರ ಆಗುತ್ತದೆ. ಹಿಸ್ಟೊಗ್ರಾಮ್‌ನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಹಸಿರು ಚಾನೆಲ್ ಬಲಗಡೆ ಗೋಡೆಗೆ ಅಂಟಿದೆಯಾ ನೋಡಿ, ಅಂಟಿದ್ದರೆ ಹೈಲೈಟ್ ಇಳಿಸಿ. ಮೊಬೈಲಿಗೆ ಕಳಿಸುವ ಫೈಲನ್ನು ಎಸ್‌ಆರ್‌ಜಿಬಿಗೆ ಬದಲಿಸಿ, ಒಮ್ಮೆ ಬೇರೆಯವರ ಫೋನಲ್ಲಿ ತೆರೆದು ನೋಡಿ.

ಆಮೇಲೆ ಹುಳುವಿನ ಚಿತ್ರ ಪಕ್ಕದಲ್ಲಿ ಇಲ್ಲದೆ, ವಿಷಯ ಹೇಳದೆ, ಈ ಚಿತ್ರವನ್ನು ಯಾರಿಗಾದರೂ ತೋರಿಸಿ. "ಓ, ಹುಳು ಡ್ರೆಸ್ಸಾ?" ಅಂದರೆ ಆರನೇ ಹಂತಕ್ಕೆ ವಾಪಸ್. "ಸೀರೆ ಚೆನ್ನಾಗಿದೆ" ಅಂತ ಮಾತ್ರ ಅಂದರೆ ಐದನೇ ಹಂತಕ್ಕೆ. ಫೋನನ್ನು ಆಚೀಚೆ ವಾಲಿಸಿ ನೋಡಿದರೆ ಪ್ರಿಂಟ್ ಹಾಕಿಸಬಹುದು.

ಪ್ರಿಂಟ್ ಮ್ಯಾಟ್ ಕಾಗದದ ಮೇಲೆ ಬೇಡ, ಇಷ್ಟು ಕಷ್ಟಪಟ್ಟ ಹೊಳಪನ್ನು ಅದು ನುಂಗುತ್ತದೆ. ಗ್ಲಾಸಿ ಅಥವಾ ಮೆಟಾಲಿಕ್ ಕಾಗದ ಕೇಳಿ. ದೊಡ್ಡದು ಹಾಕಿಸುವ ಮೊದಲು ಆರು ಇಂಚಿನದೊಂದು ತೆಗೆಸಿ, ಲ್ಯಾಬಿನ ಟ್ಯೂಬ್‌ಲೈಟ್ ಕೆಳಗೆ ಒಪ್ಪಿಕೊಳ್ಳದೆ, ಇದನ್ನೂ ಬಾಗಿಲಿಗೆ ತಂದು ನೋಡಿ.